ಸಾರಥಿಯ ಮನಸ್ಸು

ರಥವೆಂಬುದು ನಮ್ಮ ಚಿಂತನೆಗೆ ಬಹು ಹಳೆಯ ಉಪಮಾನ. ಕಠೋಪನಿಷತ್ತು ಶರೀರವನ್ನು ರಥವೆಂದೂ, ಬುದ್ಧಿಯನ್ನು ಸಾರಥಿಯೆಂದೂ, ಮನಸ್ಸನ್ನು ಲಗಾಮೆಂದೂ, ಇಂದ್ರಿಯಗಳನ್ನು ಕುದುರೆಗಳೆಂದೂ ಕರೆಯಿತು. ಅಂದಿನ ಉಪಮಾನ ಇಂದು ಮೋಟಾರಿನ ರೂಪದಲ್ಲಿ ನಮ್ಮ ಮನೆಯಂಗಳಕ್ಕೆ ಬಂದು ನಿಂತಿದೆ. ಲಗಾಮು ಬುದ್ಧಿಯ ಕೈಯಲ್ಲಿದೆಯೋ, ಕುದುರೆಗಳೇ ಸಾರಥಿಯನ್ನು ಎಳೆದೊಯ್ಯುತ್ತಿವೆಯೋ ಎಂಬುದನ್ನು ಪರೀಕ್ಷಿಸಲು ಕೊಡಗಿನ ರಸ್ತೆಗಳಿಗಿಂತ ತಕ್ಕ ಜಾಗ ಬೇಕಿಲ್ಲ.

ಮೊದಲು ಭಾವದ ಮಾತು. ಭರತಮುನಿ ನಾಟ್ಯಶಾಸ್ತ್ರದಲ್ಲಿ 33 ಸಂಚಾರಿಭಾವಗಳನ್ನು ಎಣಿಸಿದ್ದಾನೆ. ಅವುಗಳಲ್ಲಿ ಗರ್ವ, ಅಮರ್ಷ, ಆವೇಗ, ಔತ್ಸುಕ್ಯ, ಚಪಲತೆ, ಶ್ರಮ, ನಿದ್ರೆ ಇವಿಷ್ಟನ್ನು ಆರಿಸಿಕೊಂಡರೆ ಸಂಪಾಜೆ ಘಾಟಿಯ ಒಂದು ಸಂಜೆಯ ವರ್ಣನೆ ಮುಗಿದಂತೆಯೇ. ಹಿಂದಿನ ವಾಹನದವನು ಹಾರನ್ ಮಾಡುತ್ತಾನೆ. ಅದು ಬರಿಯ ಸದ್ದು. ಆದರೆ ಅಮರ್ಷ ಅದನ್ನು ಅವಮಾನವೆಂದು ಕೇಳಿಸಿಕೊಳ್ಳುತ್ತದೆ. ‘ಇವನು ನನ್ನನ್ನು ದಾಟುವುದೇ?’ ಎಂಬ ವಿಚಾರ ಹುಟ್ಟುತ್ತದೆ. ಹುಟ್ಟಿದ ವಿಚಾರ ಪಾದಕ್ಕಿಳಿದು ಆಕ್ಸಿಲರೇಟರನ್ನು ಒತ್ತುತ್ತದೆ. ಈ ಮೂರರ ನಡುವೆ ಒಂದು ಸೆಕೆಂಡಿನ ಅಂತರವೂ ಇರದು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಆ ಒಂದು ಸೆಕೆಂಡಿಗೆ ವಾಹನ 16 ಮೀಟರಿಗೂ ಹೆಚ್ಚು ಮುಂದೆ ಹೋಗಿರುತ್ತದೆ.

ಇನ್ನು ವಿಚಾರ. 2023ರ ಮಾರ್ಚ್ ತಿಂಗಳಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿ ಹೊಸ ರೂಪದಲ್ಲಿ ಲೋಕಾರ್ಪಣೆಯಾಯಿತು. ಅಲ್ಲಿ ವೇಗವಾಗಿ ಬಂದ ಪ್ರವಾಸಿ, ಉಳಿದ ದಾರಿಯನ್ನೂ ಅದೇ ಲೆಕ್ಕದಲ್ಲಿ ಅಳೆಯುತ್ತಾನೆ. ಕುಶಾಲನಗರ ದಾಟಿ, ಆನೆಕಾಡು ಕಳೆದು, ಸುಂಟಿಕೊಪ್ಪದಿಂದ ಮಡಿಕೇರಿಯತ್ತ ಏರುವ ರಸ್ತೆ ಆ ಲೆಕ್ಕಕ್ಕೆ ಒಪ್ಪುವುದಿಲ್ಲ. ತಿರುವು ತಿರುವಿಗೂ ‘ತಡವಾಯಿತು’ ಎಂಬ ಭ್ರಾಂತಿ ಬೆಳೆಯುತ್ತದೆ. 40ರಲ್ಲಿ ಹೋಗಬೇಕಾದಲ್ಲಿ 60ರಲ್ಲಿ ಹೋದರೆ ವೇಗ ಹೆಚ್ಚುವುದು ಒಂದೂವರೆ ಪಟ್ಟು. ವಾಹನದ ಚಲನಶಕ್ತಿ ಹೆಚ್ಚುವುದು ಎರಡೂಕಾಲು ಪಟ್ಟು. ಮನಸ್ಸು ಮೊದಲನೆಯ ಲೆಕ್ಕವನ್ನು ಮಾತ್ರ ಬಲ್ಲದು; ಬ್ರೇಕು ಎರಡನೆಯದನ್ನು ತೀರಿಸಬೇಕು.

ಇವೆರಡಕ್ಕಿಂತಲೂ ಗಂಭೀರವಾದುದು ಕ್ರಿಯೆ. ಏಕೆಂದರೆ ಅಭ್ಯಾಸವಾಗುವುದು ಅದೇ. ಮುಂದೇನಿದೆಯೆಂದು ಕಾಣದ ತಿರುವಿನಲ್ಲಿ ಒಬ್ಬನು ಬಸ್ಸನ್ನು ಹಿಂದಿಕ್ಕುತ್ತಾನೆ. ಎದುರಿನಿಂದ ಯಾರೂ ಬರಲಿಲ್ಲ. ಅಂದು ಅವನನ್ನು ಕಾಪಾಡಿದ್ದು ಅದೃಷ್ಟ. ಅವನು ಅದನ್ನು ಕೌಶಲವೆಂದು ಬರೆದುಕೊಳ್ಳುತ್ತಾನೆ. ಹತ್ತು ಸಲ ಹೀಗಾದರೆ ಹನ್ನೊಂದನೆಯ ಸಲ ಅವನು ಯೋಚಿಸುವುದೂ ಇಲ್ಲ. ಶಿಕ್ಷೆಯಾಗದ ತಪ್ಪಿನಂಥ ಕೆಟ್ಟ ಗುರು ಬೇರೊಬ್ಬನಿಲ್ಲ.

ಆದರೆ ಕ್ರಿಯೆಯೇ ಭಾವವನ್ನು ತಿದ್ದಲೂ ಬಲ್ಲದು. ಅನುಭವಿಯಾದ ಲಾರಿ ಚಾಲಕ ಇಳಿಜಾರಿನ ನಡುವೆ ಗೇರು ಬದಲಿಸುವುದಿಲ್ಲ, ಇಳಿಯುವ ಮೊದಲೇ ಬದಲಿಸಿಕೊಳ್ಳುತ್ತಾನೆ. ಬ್ರೇಕನ್ನೇ ಒತ್ತಿಹಿಡಿದು ಇಳಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆಂದು ಅವನಿಗೆ ಗೊತ್ತು. ಕೋಪದ ಇಳಿಜಾರಿಗೂ ಇದೇ ನೀತಿ: ಕಾದ ಮೇಲೆ ತಡೆಯುವುದು ಕಷ್ಟ, ಮೊದಲೇ ತಗ್ಗಿಸಿಕೊಳ್ಳುವುದು ಸುಲಭ. ಕಿರಿದಾದ ಬೆಟ್ಟದ ದಾರಿಯಲ್ಲಿ ಇಳಿಯುವವನು ಏರುವವನಿಗೆ ದಾರಿ ಬಿಡಬೇಕೆಂದು 1989ರ ರಸ್ತೆ ನಿಯಮಗಳು ವಿಧಿಸಿದವು. ಏರಿನಲ್ಲಿ ನಿಂತ ವಾಹನವನ್ನು ಮತ್ತೆ ಹೊರಡಿಸುವುದು ಪ್ರಯಾಸ. ಕಾನೂನಿನ ಆ ಒಣ ವಾಕ್ಯದೊಳಗೆ ಇರುವುದು ಅನ್ಯರ ಕಷ್ಟವನ್ನು ಅರಿಯುವ ದಾಕ್ಷಿಣ್ಯವೇ. ದಿನವೂ ಹೀಗೆ ನಿಂತು ದಾರಿ ಬಿಟ್ಟವನಿಗೆ ಕಾಲಕ್ರಮದಲ್ಲಿ ನಿಲ್ಲುವುದು ಸೋಲೆನಿಸುವುದಿಲ್ಲ.

ಶ್ರೋತೃಗಳೇ, ಆಷಾಢದ ಮಂಜಿನಲ್ಲಿ ನಮ್ಮ ರಸ್ತೆಯಂಚಿನಲ್ಲಿ ನಡೆಯುವವರನ್ನು ನೆನೆಯಿರಿ. ತೋಟದ ಕೆಲಸ ಮುಗಿಸಿ ಲೈನುಮನೆಗೆ ಮರಳುವ ಹೆಂಗಸರು, ಕೊಡೆ ಹಿಡಿದ ಶಾಲೆಯ ಮಕ್ಕಳು. ಬಹುಕಡೆ ಅವರಿಗೆ ಕಾಲುದಾರಿಯಿಲ್ಲ. ಒಂದು ಪಕ್ಕ ಬರೆ, ಇನ್ನೊಂದು ಪಕ್ಕ ವಾಹನ. ನಮ್ಮ ಅವಸರವನ್ನು ಅವರು ಹುಟ್ಟಿಸಿದವರಲ್ಲ, ನಮ್ಮ ಸಿಟ್ಟಿಗೆ ಅವರು ಕಾರಣರಲ್ಲ. ಆದರೂ ಅವೆರಡರ ಫಲ ಮೊದಲು ತಗಲುವುದು ಅವರಿಗೇ. ಚಾಲನೆ ಖಾಸಗಿ ಸಂಗತಿಯಲ್ಲ. ನಮ್ಮ ಅಂತರಂಗವನ್ನು ನಾವು ಪರರ ದಾರಿಯ ಮೇಲೆ ಹರಿಯಬಿಡುವ ಕೆಲಸ ಅದು. ಬೀಗದಕೈ ತಿರುಗಿಸುವ ಮುನ್ನ ಆ ಅಂತರಂಗವನ್ನು ಒಮ್ಮೆ ನೋಡಿಕೊಳ್ಳುವುದು ಸಾರಥಿಯ ಮೊದಲ ಧರ್ಮ.