ಆಸ್ಪತ್ರೆಯಿಂದ ಮನೆಗೆ: ಸಹಿ ಹಾಕುವ ಮುನ್ನ

(ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಹೆತ್ತವರು ಕಾಯಿಲೆ ಬಿದ್ದರೆ ಸಾಲ ಮಾಡಿಯಾದರೂ ಆಸ್ಪತ್ರೆಗೆ ಸೇರಿಸುತ್ತೇವೆ. ಅಲ್ಲಿಂದ ಕರೆತರುವುದು ಹೇಗೆಂದು ಮಾತ್ರ ನಮಗೆ ಯಾರೂ ಹೇಳಿಕೊಟ್ಟಿಲ್ಲ. "ನಾಳೆ ಡಿಸ್ಚಾರ್ಜ್" ಎಂದರೆ ಕಾಯಿಲೆ ವಾಸಿಯಾಯಿತೆಂದು ಅರ್ಥವಲ್ಲ. ಮೂರು ಪಾಳಿಯ ನರ್ಸುಗಳು ಮಾಡುತ್ತಿದ್ದ ಕೆಲಸ ಇನ್ನು ನಿಮ್ಮ ಮನೆಯದು ಎಂದು ಅರ್ಥ. ಮನೆಯಲ್ಲಿ ಪಾಳಿ ಬದಲಾಯಿಸುವವರಿಲ್ಲ; ಹಗಲೂ ರಾತ್ರಿಯೂ ಅದು ಸಾಮಾನ್ಯವಾಗಿ ಒಬ್ಬ ಹೆಂಗಸಿನ ಮೇಲೆಯೇ ಬೀಳುತ್ತದೆ.

ಲಕ್ವ ಹೊಡೆದು ಮಲಗಿದ ತಂದೆಯ ಸ್ಥಿತಿಯನ್ನೇ ನೋಡಿ. ಒಂದು ಮಗ್ಗುಲಿನ ಕೈಕಾಲು ಆಡದು. ಮೂಗಿನಲ್ಲಿ ಆಹಾರದ ಕೊಳವೆ, ಮೂತ್ರಕ್ಕೆ ಇನ್ನೊಂದು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನು ಹುಣ್ಣಾದೀತು. ಚಪ್ಪಟೆ ಮಲಗಿಸಿ ಗಂಜಿ ಹಾಕಿದರೆ ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯ ತಂದೀತು. ತಲೆ ಎತ್ತರಿಸಿ ಉಣಿಸಬೇಕು, ಆಮೇಲೂ ಅರ್ಧ ಗಂಟೆ ಹಾಗೆಯೇ ಇರಿಸಬೇಕು. ಮೂತ್ರದ ಚೀಲ ಸೊಂಟಕ್ಕಿಂತ ಕೆಳಗಿರಬೇಕು. ಇದೇನೂ ದೊಡ್ಡ ವಿದ್ಯೆಯಲ್ಲ. ಆದರೆ ಕಣ್ಣಿಂದ ನೋಡಿದರೆ ಸಾಲದು. ಆರೈಕೆ ಮಾಡುವವರು ನರ್ಸಿನ ಎದುರಿಗೇ ತಮ್ಮ ಕೈಯಿಂದ ಮಾಡಿ ತೋರಿಸಬೇಕು. ಮಿಲ್ಲಿನಲ್ಲಿ ಹೊಸಬನನ್ನು ಮಗ್ಗಕ್ಕೆ ನಿಲ್ಲಿಸುವಾಗ ಹಳಬರು ಜೊತೆಗಿರುವುದಿಲ್ಲವೆ?

ಸಹಿ ಹಾಕುವ ಮುನ್ನ ನಾಲ್ಕು ಮಾತು ಕೇಳಿ ಬರೆಸಿಕೊಳ್ಳಿ. ಒಂದು: ಹಳೆಯ ಮಾತ್ರೆಗಳಲ್ಲಿ ಯಾವುದು ಇರಬೇಕು, ಯಾವುದು ನಿಲ್ಲಬೇಕು? ಒಂದೇ ಔಷಧ ಎರಡು ಕಂಪನಿಯ ಹೆಸರಿನಲ್ಲಿ ಬಂದು ರೋಗಿ ಎರಡು ಪಾಲು ನುಂಗುವುದುಂಟು. ಎರಡು: ಏನು ಕಂಡರೆ ಕೂಡಲೆ ಹಿಂದಕ್ಕೆ ಕರೆತರಬೇಕು, ರಾತ್ರಿ ಯಾರನ್ನು ಕೇಳಬೇಕು? ಮೂರು: ಮತ್ತೆ ತೋರಿಸುವ ದಿನ ಯಾವುದು, ಕೊಳವೆ ಬದಲಿಸುವವರು ಯಾರು? ನಾಲ್ಕು: ಮಂಚ, ಮೆಟ್ಟಿಲು, ಕಕ್ಕಸು ಇವಕ್ಕೆ ಮನೆಯಲ್ಲಿ ಏನು ಏರ್ಪಾಡಾಗಬೇಕು? ಕೊನೆಯ ದಿನದವರೆಗೆ ಕಾಯಕೂಡದು. ಖಾಸಗಿ ಆಸ್ಪತ್ರೆಯಲ್ಲಿ ಒಂದು ದಿನ ಹೆಚ್ಚಾದರೆ ಬಿಲ್ಲೂ ಹೆಚ್ಚು. ಎರಡು ಮೂರು ದಿನ ಮೊದಲೇ ವಿಚಾರಿಸಿ.

ಹಕ್ಕನ್ನೂ ಅರಿತಿರಿ. ಇ.ಎಸ್.ಐ. ವಿಮೆಯುಳ್ಳ ಕಾರ್ಮಿಕನನ್ನೇ ಆಶ್ರಯಿಸಿದ ತಂದೆತಾಯಿಗೂ ಅಲ್ಲಿ ಚಿಕಿತ್ಸೆಯುಂಟು. ಆಯುಷ್ಮಾನ್ ಭಾರತ ಯೋಜನೆ 2018ರಲ್ಲಿ ಆರಂಭವಾಯಿತು. ಅದರಡಿ ಚಿಕಿತ್ಸೆ ಪಡೆದವರಿಗೆ ಡಿಸ್ಚಾರ್ಜ್ ಆದ ಮೇಲೂ 15 ದಿನಗಳ ಔಷಧ, ತಪಾಸಣೆ ಅದೇ ವೆಚ್ಚದಲ್ಲಿ ಸೇರಿದೆ. ಕೇಳದೆ ಕೈಯಿಂದ ದುಡ್ಡು ಕೊಟ್ಟು ಬರಬೇಡಿ. ಬಿಲ್ಲಿನ ತಕರಾರಿಗಾಗಿ ರೋಗಿಯನ್ನು ತಡೆಹಿಡಿಯಕೂಡದೆಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದು ಹೇಳುತ್ತದೆ.

ಬಂಧುಗಳೆ, ಇಷ್ಟಾದರೂ ಒಂದು ಕಷ್ಟ ಉಳಿಯುತ್ತದೆ. ರೋಗಿಯ ಪಕ್ಕದಲ್ಲಿ ಕುಳಿತವರ ಕೂಲಿ ನಿಲ್ಲುತ್ತದೆ, ಅಂಗಡಿಯ ಬಾಗಿಲು ಮುಚ್ಚುತ್ತದೆ. ಮನೆಗೆ ಬಂದು ನೋಡುವ ನರ್ಸನ್ನು ಸರ್ಕಾರದಿಂದ ಕೇಳೋಣ, ರಜೆಯನ್ನು ಮಾಲೀಕರಿಂದ ಕೇಳೋಣ. ಅದು ಸಿಗುವವರೆಗೆ ಓಣಿಯವರು ಪಾಳಿ ಹಂಚಿಕೊಳ್ಳಲಿ. ರಾತ್ರಿಯೆಲ್ಲ ಎದ್ದಿದ್ದ ಆ ಹೆಣ್ಣುಮಗಳಿಗೆ ಹಗಲಲ್ಲಿ ನಾಲ್ಕು ಗಂಟೆ ನಿದ್ದೆ ಸಿಕ್ಕರೆ, ಮಲಗಿದವರಿಗೂ ಅದೇ ಅರ್ಧ ಔಷಧ.