ಅಸ್ಸಿಯ ದೋಣಿಯೂ ನಮ್ಮ ಕೊನೆಯ ಲೋಕಲ್ಲೂ

(ಸಂಘದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ನಗರದ ಸಾರಿಗೆಯಲ್ಲಿ ಆಗುತ್ತಿರುವ ಹೊಸ ಹೊಸ ಸುಧಾರಣೆಗಳ ವಿಷಯವಾಗಿ ನಾಲ್ಕು ಮಾತು ಆಡಬೇಕೆಂದು ನಮ್ಮ ಕಾರ್ಯದರ್ಶಿಗಳು ನನಗೆ ಅಪ್ಪಣೆ ಮಾಡಿದ್ದಾರೆ. ಏಳನೆಯ ತರಗತಿಗೆ ಶಾಲೆ ಬಿಟ್ಟು ಹೊಟೇಲಿನ ಮೋರಿಯಲ್ಲಿ ಕಪ್ಪು ಬಸಿ ತೊಳೆದು ಬೆಳೆದವನು ನಾನು. ಇಂಜಿನಿಯರರ ಹಾಗೆ ಮಾತನಾಡಲು ನನಗೆ ಬಾರದು. ಆದರೆ ಬಸ್ಸಿಗೆ ಕಾದು ನಿಂತ ಅನುಭವ ಯಾವ ಇಂಜಿನಿಯರರಿಗೂ ಕಡಿಮೆಯಿಲ್ಲ. ಮುಂಬಯಿಯ ಲೋಕಲ್ಲಿನ ಸಂಗತಿ ನಿಮಗೆ ನಾನು ಹೇಳಬೇಕಾದ್ದಿಲ್ಲ. ಆದ್ದರಿಂದ ದೂರದ ಕಾಶಿಯಿಂದ ಮೊದಲುಮಾಡುತ್ತೇನೆ. ಕಳೆದ ಚಳಿಗಾಲದಲ್ಲಿ ಸಂಘದ ಕೆಲವು ಹಿರಿಯರ ಜೊತೆಗೆ ಅಲ್ಲಿಗೆ ಹೋಗಿದ್ದೆ. ಅವರು ಹೋದದ್ದು ಗಂಗಾಸ್ನಾನಕ್ಕೆ, ನಾನು ಹೋದದ್ದು ಅವರ ಗಂಟು ಹೊರುವುದಕ್ಕೆ. ಅವರು ಜಪಕ್ಕೆ ಕೂತ ಹೊತ್ತಿನಲ್ಲಿ ನಾನು ದೋಣಿಯವರ ಹತ್ತಿರ, ರಿಕ್ಷಾದವರ ಹತ್ತಿರ ಕೂತು ಮಾತನಾಡಿದೆ.

ನಾವು ಇಳಿದುಕೊಂಡದ್ದು ಅಸ್ಸಿಯಲ್ಲಿ. ಕಾಶಿಯ ಘಾಟುಗಳ ಸಾಲಿಗೆ ಅದು ದಕ್ಷಿಣದ ತುದಿ. ಅಸ್ಸಿ ಎಂಬ ಸಣ್ಣ ಹೊಳೆ ಅಲ್ಲಿ ಗಂಗೆಯನ್ನು ಸೇರುತ್ತದೆ. ಉತ್ತರದ ವರುಣೆ, ದಕ್ಷಿಣದ ಅಸ್ಸಿ, ಎರಡೂ ಸೇರಿ ವಾರಾಣಸಿ ಎಂದು ಹೆಸರಾಯಿತೆಂದು ಹೇಳುತ್ತಾರೆ. ಹೆಸರು ಕೊಟ್ಟ ಹೊಳೆ ಈಗ ಚರಂಡಿಯಾಗಿದೆ, ಇರಲಿ. ಅಸ್ಸಿಯಿಂದ ಉತ್ತರಕ್ಕೆ ಮೆಟ್ಟಿಲ ಮೇಲೆಯೇ ನಡೆದುಕೊಂಡು ಹೋದರೆ ತುಲಸೀ ಘಾಟ್, ಮುಂದೆ ಹನುಮಾನ್ ಘಾಟಿನ ಮಗ್ಗುಲಲ್ಲಿ ಕರ್ನಾಟಕ ಘಾಟ್ ಎಂದೇ ಬರೆದಿರುವ ಘಾಟು ಸಿಗುತ್ತದೆ. ಊರೊಳಗೆ ಗೋದೌಲಿಯಾ ಚೌಕದ ಹತ್ತಿರ ನಮ್ಮ ಕಡೆಯ ಭಕ್ತರಿಗೆ ತವರಿನಂತಿರುವ ಜಂಗಮವಾಡಿ ಮಠ. ನಮ್ಮವರು ಎಷ್ಟೋ ಕಾಲದಿಂದ ಹೋಗಿ ಬರುತ್ತಿರುವ ಊರು ಅದು. 2022ರ ನವೆಂಬರ್ 11ರಂದು ಬೆಂಗಳೂರಿನಿಂದ ಕಾಶಿಗೆಂದೇ ಯಾತ್ರಾ ರೈಲು ಹೊರಟದ್ದೂ ನಿಮಗೆ ನೆನಪಿರಬಹುದು.

ಆ ಊರಿನ ಒಳಗಿನ ಗಲ್ಲಿಗಳಲ್ಲಿ ಎರಡು ಎಮ್ಮೆ ಎದುರುಬದುರಾದರೆ ಮನುಷ್ಯ ಗೋಡೆಗೆ ಅಂಟಿಕೊಳ್ಳಬೇಕು. ಬಸ್ಸು ಎಲ್ಲಿಂದ ನುಗ್ಗೀತು? ಹಾಗಾಗಿ ಅಸ್ಸಿಯಿಂದ ದಶಾಶ್ವಮೇಧಕ್ಕೂ ಅಲ್ಲಿಂದ ರಾಜಘಾಟಕ್ಕೂ ನೇರವಾದ ಅಗಲವಾದ ರಸ್ತೆ ಎಂದರೆ ಗಂಗೆಯೊಂದೇ. ಆ ರಸ್ತೆಯ ಡ್ರೈವರುಗಳು ನಾವಿಕರು, ಮಲ್ಲಾಹರು, ನಿಷಾದರು. ಯಾವ ಘಾಟಿನಲ್ಲಿ ಯಾರ ದೋಣಿ ನಿಲ್ಲಬೇಕು, ಯಾರ ಸರದಿ ಯಾವಾಗ ಎಂಬುದಕ್ಕೆ ಅವರಲ್ಲಿ ವಂಶದಿಂದ ಬಂದ ಕಟ್ಟಳೆಯಿದೆ. ದೋಣಿ ಇಲ್ಲದವನು ಇನ್ನೊಬ್ಬರ ದೋಣಿಗೆ ಹುಟ್ಟು ಹಾಕಿ ಪಾಲು ತೆಗೆದುಕೊಳ್ಳುತ್ತಾನೆ. ಧಣಿ, ಕೆಲಸಗಾರ ಎಂಬ ಭೇದ ನೀರಿನ ಮೇಲೂ ಇದೆ ಎಂದು ಅಲ್ಲಿ ತಿಳಿಯಿತು. ಮಳೆಗಾಲದಲ್ಲಿ ಗಂಗೆ ಮೆಟ್ಟಿಲೇರಿದರೆ ದೋಣಿ ಬಿಡಕೂಡದೆಂದು ಸರಕಾರದ ಆಜ್ಞೆಯಾಗುತ್ತದೆ. ಆಗ ಮನೆಯ ಒಲೆ ಸಾಲದ ಮೇಲೆ ಉರಿಯಬೇಕು.

ಈಗ ಸುಧಾರಣೆಯ ಕಥೆ ಕೇಳಿ. 2016ರ ಮೇ 1, ಅಂದರೆ ನಮ್ಮ ಕಾರ್ಮಿಕರ ದಿನವೇ, ಪ್ರಧಾನಿಗಳು ಅಸ್ಸಿ ಘಾಟಿಗೆ ಬಂದು ಬಿಸಿಲಿನಿಂದ ವಿದ್ಯುತ್ತು ಪಡೆದು ನಡೆಯುವ ದೋಣಿಗಳಿಗೆ ಚಾಲನೆ ಕೊಟ್ಟರು. ಅದೇ ದಿನ ಅದೇ ಊರಿನಲ್ಲಿ ಈ-ರಿಕ್ಷಾಗಳನ್ನೂ ಹಂಚಿದರು. ಅನಂತರ ಗೇಲ್ ಎಂಬ ಸರಕಾರಿ ಗ್ಯಾಸ್ ಕಂಪನಿಯವರು ಡೀಸೆಲ್ ದೋಣಿಗಳಿಗೆ ಸಿಎನ್‌ಜಿ ಇಂಜಿನ್ನು ಕೂಡಿಸುವ ಕೆಲಸ ಹಿಡಿದರು. ಹಳೆಯ ಇಂಜಿನ್ನನ್ನು ಒಪ್ಪಿಸಿದವನಿಗೆ ಹೊಸದನ್ನು ಹಣ ಕೇಳದೆ ಕೊಟ್ಟರು. ನದಿಯ ಮೇಲೆಯೇ ತೇಲುವ ಗ್ಯಾಸ್ ಪಂಪನ್ನೂ ಕಟ್ಟಿದರು. ನಾನು ಮಾತನಾಡಿಸಿದ ಅಸ್ಸಿಯ ನಾವಿಕ ಇದನ್ನು ಬಾಯಿತುಂಬ ಹೊಗಳಿದ. "ಭೈಯಾ, ಮುಂಚೆ ಸಂಜೆಯ ಹೊತ್ತಿಗೆ ಎದೆಯೆಲ್ಲ ಹೊಗೆ, ಕಿವಿಯೆಲ್ಲ ಗದ್ದಲ. ಈಗ ಕೂತವರ ಮಾತು ನನಗೂ ಕೇಳಿಸುತ್ತದೆ," ಎಂದ. ಒಲೆಯ ಮುಂದೆ ನಿಂತು ಕೆಮ್ಮಿದ ನಮಗೆ ಈ ಮಾತಿನ ಬೆಲೆ ಗೊತ್ತು. ಸುಧಾರಣೆ ಎಂದೊಡನೆ ಹುಬ್ಬುಗಂಟಿಕ್ಕುವ ಜಾಯಮಾನ ನನ್ನದಲ್ಲ. ದುಡಿಯುವವನ ಕೈಗೇ ಹೊಸ ಯಂತ್ರ ಬಂದರೆ ಅದನ್ನು ನಾನು ಎರಡು ಕೈಯಿಂದ ಸ್ವಾಗತಿಸುತ್ತೇನೆ.

ಆದರೆ ಅದೇ ನಾವಿಕ ಇನ್ನೊಂದು ಮಾತನ್ನೂ ಹೇಳಿದ. 2018ರ ಸೆಪ್ಟೆಂಬರಿನಲ್ಲಿ ಅಲಕನಂದಾ ಎಂಬ ಹವಾನಿಯಂತ್ರಿತ ದೊಡ್ಡ ಹಡಗು ಗಂಗೆಗೆ ಇಳಿಯಿತು. ಖಾಸಗಿ ಕಂಪನಿಯದು. ಹತ್ತು ದೋಣಿಯ ಗಿರಾಕಿಗಳನ್ನು ಒಂದೇ ಬಾರಿಗೆ ಹೊತ್ತೊಯ್ಯುವ ಹಡಗು. ನಾವಿಕರು ಅದನ್ನು ವಿರೋಧಿಸಿದರು. ಅದಕ್ಕೂ ಮೊದಲೇ, 2017ರಲ್ಲಿ, ಸಾಮನೇ ಘಾಟಿನಿಂದ ರಾಮನಗರಕ್ಕೆ ಸೇತುವೆ ತೆರೆಯಿತು. ಅಲ್ಲಿಯವರೆಗೆ ಪೀಪಾಯಿಗಳ ಮೇಲೆ ಹಲಗೆ ಹಾಸಿದ ತೇಲುಸೇತುವೆ, ಮಳೆಗಾಲ ಬಂತೆಂದರೆ ಅದನ್ನು ಬಿಚ್ಚಿಡಬೇಕು. ಹೊಸ ಸೇತುವೆಯಿಂದ ರಾಮನಗರದ ಕೂಲಿಯವನಿಗೆ, ಹಾಲಿನವನಿಗೆ ಉಪಕಾರವಾಯಿತು. ಅದನ್ನು ಬೇಡವೆನ್ನಲು ಯಾರಿಗೂ ಬಾಯಿಲ್ಲ. ಆದರೆ ದಾಟಿಸುವ ಕೆಲಸವನ್ನೇ ನಂಬಿದ್ದ ದೋಣಿಯವನು ಯಾತ್ರಿಕರ ಕಡೆಗೆ ತಿರುಗಬೇಕಾಯಿತು. ತಿರುಗಿ ನೋಡಿದರೆ ಅಲ್ಲಿ ಹಡಗು ನಿಂತಿದೆ! "ದಡ ಎರಡೂ ಹೋದವು, ನಡುನೀರು ಉಳಿಯಿತು," ಎಂದು ಆ ನಾವಿಕ ನಕ್ಕ. ಕೊಚ್ಚಿ ಹಡಗುಕಟ್ಟೆಯವರು ಕಟ್ಟಿದ ಜಲಜನಕದ ಹಡಗಿಗೂ 2024ರ ಫೆಬ್ರವರಿಯಲ್ಲಿ ಹಸಿರು ನಿಶಾನೆ ತೋರಿಸಿದ್ದಾರೆ. ಅದರ ಹೊಗೆಯ ಕೊಳವೆಯಿಂದ ಬರುವುದು ಬರೀ ನೀರಂತೆ. ವಿಜ್ಞಾನ ದೊಡ್ಡದು, ಒಪ್ಪೋಣ. ಅದರಲ್ಲಿ ಮಲ್ಲಾಹರ ಹುಡುಗನಿಗೆ ಖಲಾಸಿಯ ಕೆಲಸವಾದರೂ ಸಿಗುತ್ತದೆಯೇ ಎಂದು ನಾನು ಕೇಳಿದ್ದಕ್ಕೆ ಆತ ಬೀಡಿ ಹಚ್ಚಿಕೊಂಡನೇ ಹೊರತು ಉತ್ತರ ಕೊಡಲಿಲ್ಲ.

ಈ-ರಿಕ್ಷಾದ ಸಂಗತಿ ಸ್ವಲ್ಪ ಬೇರೆ. ಸೈಕಲ್ ರಿಕ್ಷಾ ತುಳಿದವನ ಕಾಲನ್ನು ನೀವು ನೋಡಿದ್ದೀರಿ, ಬೆರಳು ಗಾತ್ರದ ನರಗಳು. ಅವನ ಕಾಲಿಗೆ ಬಿಡುಗಡೆ ಕೊಟ್ಟದ್ದು ಬ್ಯಾಟರಿ. 2015ರಲ್ಲಿ ಮೋಟಾರು ವಾಹನ ಕಾಯಿದೆಯನ್ನು ತಿದ್ದಿ ಇವುಗಳಿಗೆ ಕಾನೂನಿನ ಜಾಗ ಕೊಟ್ಟರು. ಗಂಟೆಗೆ 25 ಕಿಲೋಮೀಟರಿಗಿಂತ ಜೋರಾಗಿ ಓಡಕೂಡದು, ನಾಲ್ಕು ಜನಕ್ಕಿಂತ ಹೆಚ್ಚು ಕೂರಕೂಡದು. ಬನಾರಸಿನಲ್ಲಿ ಆರು ಜನ ಕೂರುವುದನ್ನು ನಾನೇ ಕಂಡೆ, ಆರನೆಯವನಾಗಿ ಕೂತೂ ಇದ್ದೆ. ಬ್ಯಾಟರಿ ಸೋತ ದಿನ ಗಳಿಕೆಯೂ ಸೋಲುತ್ತದೆ, ಹೊಸ ಬ್ಯಾಟರಿಗೆ ಸಾಲ. ರಿಕ್ಷಾಗಳು ವಿಪರೀತವಾದವೆಂದು 2024ರಲ್ಲಿ ಪೊಲೀಸರು ಊರನ್ನು ವಲಯಗಳಾಗಿ ಹಂಚಿ, ಬಣ್ಣದ ಗುರುತು ಅಂಟಿಸಿ, ಇಂಥವನು ಇಂಥಲ್ಲೇ ಓಡಿಸಬೇಕೆಂದು ಕಟ್ಟು ಮಾಡಿದರು. ಚಾಲಕರು ಪ್ರತಿಭಟಿಸಿದರು. ಹೀಗೆ ಒಂದೊಂದು ಗಾಡಿಯನ್ನೂ ಒಬ್ಬೊಬ್ಬ ಬಡವ ಸಾಲ ಮಾಡಿ ತಂದು, ತಮ್ಮತಮ್ಮಲ್ಲೇ ಗಿರಾಕಿಗಾಗಿ ಕಿತ್ತಾಡುವುದನ್ನು ಸಾರಿಗೆಯ ಬೆಳವಣಿಗೆ ಎಂದು ಲೆಕ್ಕ ಬರೆಯುವುದು ನನಗೆ ಸರಿಯೆನಿಸುವುದಿಲ್ಲ.

ಇನ್ನು ಎಲ್ಲರ ಬಾಯಲ್ಲಿರುವ ರೋಪ್‌ವೇ. 2023ರ ಮಾರ್ಚ್ 24ರಂದು ಇದಕ್ಕೆ ಅಸ್ತಿವಾರದ ಕಲ್ಲು ಹಾಕಿದರು. ಕಂಟೋನ್ಮೆಂಟ್ ರೈಲು ನಿಲ್ದಾಣದಿಂದ ವಿದ್ಯಾಪೀಠ, ರಥಯಾತ್ರಾ, ಗಿರ್ಜಾಘರ್ ಮೇಲೆ ಗೋದೌಲಿಯಾದವರೆಗೆ ನಾಲ್ಕು ಕಿಲೋಮೀಟರಿಗೆ ತುಸು ಕಡಿಮೆ. ಐದು ನಿಲ್ದಾಣ, ಹದಿನಾರು ನಿಮಿಷದ ಪ್ರಯಾಣ, ಆಗ ಹೇಳಿದ ಖರ್ಚು ಸುಮಾರು 645 ಕೋಟಿ ರೂಪಾಯಿ. ಗುಡ್ಡದ ದೇವಸ್ಥಾನಕ್ಕೆ ಹತ್ತಿಸುವ ರೋಪ್‌ವೇ ನಮ್ಮ ದೇಶದಲ್ಲಿ ಬೇಕಾದಷ್ಟಿವೆ. ಊರೊಳಗೆ ಬಸ್ಸಿನ ಬದಲಾಗಿ ಓಡಿಸುವುದಕ್ಕೆಂದು ಕಟ್ಟಹೊರಟದ್ದು ಇದೇ ಮೊದಲನೆಯದು.

ಅದರ ಯಂತ್ರ ಹೇಗೆ? ಗಿರಣಿಯಲ್ಲಿ ದುಡಿದ ಹಿರಿಯರಿಗೆ ಇದನ್ನು ತಿಳಿಸುವುದು ಸುಲಭ. ಹಿಂದಿನ ಕಾಲದ ಗಿರಣಿಯಲ್ಲಿ ಒಂದೇ ಇಂಜಿನ್ನು ತಿರುಗಿ, ಹಗ್ಗದಿಂದ, ಪಟ್ಟಾದಿಂದ, ಮೇಲಿನ ಶಾಫ್ಟು ತಿರುಗಿ, ನೂರಾರು ಮಗ್ಗ ನಡೆಯುತ್ತಿದ್ದವಲ್ಲ? ಇದೂ ಹಾಗೆಯೇ. ಕಂಬಗಳ ಮೇಲೆ ಉಕ್ಕಿನ ಹಗ್ಗ ನಿಲ್ಲದೆ ಸುತ್ತುತ್ತಿರುತ್ತದೆ. ಹತ್ತು ಜನ ಕೂರುವ ತೊಟ್ಟಿಲುಗಳು ಅದನ್ನು ಕಚ್ಚಿ ಹಿಡಿದು ಸಾಗುತ್ತವೆ. ನಿಲ್ದಾಣ ಬಂದಾಗ ಹಿಡಿತ ಬಿಟ್ಟು, ಬೇರೆ ಹಳಿಯ ಮೇಲೆ ಮೆಲ್ಲಗೆ ಸರಿದು, ಬಾಗಿಲು ತೆರೆದು, ಜನರನ್ನು ಹತ್ತಿಸಿ ಇಳಿಸಿ ಮತ್ತೆ ಹಗ್ಗವನ್ನು ಕಚ್ಚುತ್ತವೆ. ಹಗ್ಗ ನಿಲ್ಲುವುದೇ ಇಲ್ಲ. ಗಂಟೆಗೆ ಒಂದು ದಿಕ್ಕಿನಲ್ಲಿ ಮೂರು ಸಾವಿರ ಜನ ಎಂದು ಯೋಜನೆಯವರ ಲೆಕ್ಕ. ನಮ್ಮ ಒಂದು ಹನ್ನೆರಡು ಡಬ್ಬಿಯ ಲೋಕಲ್ ಬೆಳಗಿನ ಗರ್ದಿಯಲ್ಲಿ ಒಂದೇ ಸಾರಿಗೆ ಅದಕ್ಕಿಂತ ಹೆಚ್ಚು ಜನರನ್ನು ತುಂಬಿಕೊಳ್ಳುತ್ತದೆ ಎಂಬುದನ್ನು ನೀವು ಗಮನಿಸಬೇಕು. ಆದರೆ ಲೋಕಲ್ಲಿಗೆ ನೆಲ ಬೇಕು. ಕಾಶಿಯಲ್ಲಿ ನೆಲವಿಲ್ಲ, ಆಕಾಶವಿದೆ.

ಪರದೇಶದಲ್ಲಿ ಇದು ಹಳೆಯ ಮಾತು. ಕೊಲಂಬಿಯಾ ದೇಶದ ಮೆಡೆಲಿನ್ ನಗರದಲ್ಲಿ 2004ರಲ್ಲೇ ಇಂಥದು ಓಡಿತು. ಬೊಲಿವಿಯಾದ ಲಾ ಪಾಸ್ ನಗರದಲ್ಲಿ 2014ರಿಂದ ಒಂದರ ಮೇಲೊಂದು ಸಾಲು ಕಟ್ಟಿದರು. ಮೆಡೆಲಿನ್‌ನಲ್ಲಿ ತೊಟ್ಟಿಲು ಹತ್ತಿದ್ದು ಎಲ್ಲಿಗೆ ಗೊತ್ತೇ? ಗುಡ್ಡದ ಮೇಲೆ ಬಡವರು ಜೋಪಡಿ ಕಟ್ಟಿಕೊಂಡಿದ್ದ ಕೇರಿಗಳಿಗೆ. ಮಧ್ಯ ಊರಿಗೆ ಕೂಲಿಗೆ ಬರುವವರು ಕಡಿದಾದ ದಾರಿ ಹತ್ತಿಳಿಯುವ ಕಷ್ಟ ಅದರಿಂದ ತಪ್ಪಿತು, ಕೆಳಗಿಳಿದ ಕೂಡಲೇ ಮೆಟ್ರೊ ಸಿಕ್ಕಿತು. ಕಾಶಿಯ ತೊಟ್ಟಿಲು ರೈಲಿನಿಂದ ಇಳಿದ ಯಾತ್ರಿಕನನ್ನು ವಿಶ್ವನಾಥನ ಸಮೀಪಕ್ಕೆ ಒಯ್ಯುವುದಕ್ಕೆ ಆಗುತ್ತಿರುವುದು. ಅದೂ ಬೇಕಾದ್ದೇ, ಮೊಣಕಾಲು ನೋವಿನ ನಮ್ಮ ಹಿರಿಯರು ಅದಕ್ಕೆ ಕೈಮುಗಿದಾರು. ಆದರೆ ಗೋದೌಲಿಯಾದಲ್ಲಿ ಹಗ್ಗ ಮುಗಿಯುತ್ತದೆ. ಅಸ್ಸಿ ಅಲ್ಲಿಂದ ಎರಡು ಮೂರು ಕಿಲೋಮೀಟರು. ಅಸ್ಸಿಯ ಚಹದ ಅಂಗಡಿಯಲ್ಲಿ ಬಟ್ಟಲು ತೊಳೆಯುವ ಹುಡುಗ ರಾತ್ರಿ ಮನೆಗೆ ಹೋಗುವುದು ಮೊದಲಿನಂತೆ ಕಾಲ ಮೇಲೆಯೇ.

ಬಂಧುಗಳೇ, ಇಲ್ಲಿಂದ ನಾನು ನಮ್ಮ ಊರಿಗೆ ಬರುತ್ತೇನೆ. ಮುಂಬಯಿಯಲ್ಲಿ 1874ರಲ್ಲಿ ಕುದುರೆ ಟ್ರಾಮು, 1907ರಲ್ಲಿ ವಿದ್ಯುತ್ ಟ್ರಾಮು, 1926ರಲ್ಲಿ ಬಸ್ಸು. 1964ರ ಮಾರ್ಚ್ 31ರಂದು ಟ್ರಾಮು ನಿಂತುಹೋಯಿತು. ಪ್ರತಿಯೊಂದು ಬದಲಾವಣೆಯಲ್ಲೂ ಯಾರದೋ ಕೆಲಸ ಹೋಯಿತು, ಯಾರದೋ ಹುಟ್ಟಿತು. 1947ರ ಆಗಸ್ಟ್ 7ರಂದು ಬೆಸ್ಟ್ ಪುರಸಭೆಯ ಸ್ವತ್ತಾಯಿತು, ಕಂಡಕ್ಟರನ ಕೆಲಸ ಖಾಯಂ ಕೆಲಸವೆನಿಸಿತು. ಈಚೆಗೆ ಅದೇ ಬೆಸ್ಟಿನಲ್ಲಿ ಸ್ವಂತ ಬಸ್ಸು ಕಡಿಮೆಯಾಗಿ ಗುತ್ತಿಗೆಯ ಬಸ್ಸು ಹೆಚ್ಚಿದೆ. ಹೊರಗೆ ಬೆಸ್ಟಿನ ಹೆಸರು, ಒಳಗೆ ಡ್ರೈವರನಿಗೆ ಪಗಾರ ಕೊಡುವವನು ಕಂತ್ರಾಟುದಾರ. 2023ರ ಆಗಸ್ಟಿನಲ್ಲಿ ಆ ಡ್ರೈವರುಗಳು ಪಗಾರಕ್ಕಾಗಿ ಮುಷ್ಕರ ಮಾಡಿದಾಗ ನಾವೆಲ್ಲ ನಡೆದುಕೊಂಡು ಕೆಲಸಕ್ಕೆ ಹೋದೆವು. ಟಿಕೇಟಿನ ದರವೂ ಹಾಗೆಯೇ. 2019ರಲ್ಲಿ ಕನಿಷ್ಠ ದರ ಐದು ರೂಪಾಯಿಗೆ ಇಳಿಯಿತು, 2025ರ ಮೇ ತಿಂಗಳಲ್ಲಿ ಹತ್ತಕ್ಕೆ ಏರಿತು. ತಿಂಗಳಿಗೆ ಇಪ್ಪತ್ತಾರು ದಿನ, ದಿನಕ್ಕೆ ಎರಡು ಸಾರಿ ಎಂದು ಹಿಡಿದರೆ 260 ರೂಪಾಯಿ ಹೆಚ್ಚಾಯಿತು. ಊರಿಗೆ ಕಳಿಸುವ ಮನಿಯಾರ್ಡರಿನಿಂದ ಅದನ್ನು ಕಡಿಯಬೇಕು.

ಹೊಸ ಯಂತ್ರವೇ ಇಲ್ಲದ ಸುಧಾರಣೆಯೂ ಉಂಟು. 2023ರ ಜೂನ್ 11ರಿಂದ ನಮ್ಮ ಕರ್ನಾಟಕದಲ್ಲಿ ಹೆಂಗಸರಿಗೆ ಸರಕಾರದ ಸಾಧಾರಣ ಬಸ್ಸುಗಳಲ್ಲಿ ಟಿಕೇಟಿಗೆ ಹಣವಿಲ್ಲ. ಬಸ್ಸು ಅದೇ, ರಸ್ತೆ ಅದೇ. ನನ್ನ ಅಕ್ಕ ಮೊದಲು ನಡೆದುಕೊಂಡು ಹೋಗುತ್ತಿದ್ದ ಗೇರುಬೀಜದ ಕಾರ್ಖಾನೆಗೆ ಈಗ ಬಸ್ಸಿನಲ್ಲಿ ಹೋಗುತ್ತಾಳೆ. ಬಸ್ಸಿನಲ್ಲಿ ನಿಲ್ಲಲು ಜಾಗವಿಲ್ಲವೆಂದು ದೂರುತ್ತಾಳೆ, ಆದರೂ ಹೋಗುತ್ತಾಳೆ.

ನಮ್ಮ ಹೊಟೇಲು ಕೆಲಸಗಾರರಿಗೆ ದರಕ್ಕಿಂತ ದೊಡ್ಡ ಗೋಳು ವೇಳೆಯದು. ನಮ್ಮ ಹಿರಿಯರು ಹೊಟೇಲಿನ ಮೇಜಿನ ಮೇಲೆಯೇ ಮಲಗಿ ಏಳುತ್ತಿದ್ದರು, ಅವರಿಗೆ ಕೊನೆಯ ಗಾಡಿಯ ಚಿಂತೆ ಇರಲಿಲ್ಲ. ಇಂದು ಹೆಂಡತಿ ಮಕ್ಕಳು ನಾಲಾಸೋಪಾರಾದಲ್ಲಿ, ಡೊಂಬಿವಲಿಯಲ್ಲಿ ಇದ್ದಾರೆ. ಕೊನೆಯ ಗಿರಾಕಿ ಎದ್ದು ಹೋಗಿ, ನೆಲ ತೊಳೆದು, ಗಲ್ಲೆಯ ಲೆಕ್ಕ ಮುಗಿದು ಹೊರಗೆ ಬೀಳುವಾಗ ಮಧ್ಯರಾತ್ರಿ ದಾಟಿರುತ್ತದೆ. ನಾನು ಕ್ಲೀನರ್ ಆಗಿದ್ದ ಒಂದು ಹೊಟೇಲಿನಲ್ಲಿ ವಾರಕ್ಕೆ ಎರಡು ದಿನವಾದರೂ ಕೊನೆಯ ಲೋಕಲ್ ತಪ್ಪುತ್ತಿತ್ತು. ಆಗ ಸ್ಟೇಷನ್ನಿನ ಹೊರಗೆ ಬೆಳಗಿನ ನಾಲ್ಕರವರೆಗೆ ಕೂತಿರಬೇಕು, ಪೊಲೀಸನು ಬಂದು ಎಬ್ಬಿಸಿದರೆ ಇನ್ನೊಂದು ಮೂಲೆಗೆ ಹೋಗಬೇಕು, ಮತ್ತೆ ಏಳಕ್ಕೆ ಪಾಳಿ. 2025ರ ಅಕ್ಟೋಬರಿನಲ್ಲಿ ಮೆಟ್ರೊದ ಮೂರನೆಯ ಲೈನು ಪೂರ್ತಿಯಾಗಿ ತೆರೆಯಿತು. ವರಳಿ, ಮಹಾಲಕ್ಷ್ಮಿ, ಗಿರಣಿಗಳಿದ್ದ ಭಾಗದ ನೆಲದಡಿಯಲ್ಲೇ ಓಡುತ್ತದೆ, ಬಹಳ ಚೆಂದವಾಗಿದೆ. ಕೊನೆಯ ಗಾಡಿ ರಾತ್ರಿ ಹತ್ತೂವರೆಗೆ ಎಂದು ಆಗ ಗೊತ್ತುಮಾಡಿದರು. ಹತ್ತೂವರೆಗೆ ನಾವು ಇನ್ನೂ ದೋಸೆ ಬಡಿಸುತ್ತಿರುತ್ತೇವೆ.

ರಾತ್ರಿ ಬಸ್ಸು ಬೇಕೆಂದು ಬರೀ ಬಾಯಿಂದ ಕೂಗಿದರೆ ಅಧಿಕಾರಿಗಳು ಕೇಳುವ ಮೊದಲ ಪ್ರಶ್ನೆ, "ಎಷ್ಟು ಜನ, ಎಲ್ಲಿಂದ, ಎಲ್ಲಿಗೆ, ಎಷ್ಟು ಹೊತ್ತಿಗೆ?" ಇದಕ್ಕೆ ಉತ್ತರ ನಮ್ಮ ಕೈಯಲ್ಲಿರಬೇಕು. ಕಾರ್ಯದರ್ಶಿಗಳು ಒಂದು ಫಾರಂ ಅಚ್ಚು ಹಾಕಿಸಿದ್ದಾರೆ. ಹೊಟೇಲು ಇರುವ ಜಾಗ, ಪಾಳಿ ಬಿಡುವ ನಿಜವಾದ ವೇಳೆ, ಮನೆಯಿರುವ ಸ್ಟೇಷನ್ನು, ಕಳೆದ ತಿಂಗಳು ಎಷ್ಟು ದಿನ ಗಾಡಿ ತಪ್ಪಿತು, ಇಷ್ಟನ್ನೇ ಬರೆಯಬೇಕು. ಹೆಸರು ಬರೆಯುವ ಅಗತ್ಯವಿಲ್ಲ, ಧಣಿಗಳಿಗೆ ಹೆದರಬೇಕಾಗಿಲ್ಲ. ಬರೆಯಲು ಬಾರದವರಿಗೆ ರಾತ್ರಿ ಶಾಲೆಯ ಹುಡುಗರು ಬರೆದುಕೊಡುತ್ತಾರೆ. ಬಾಗಿಲ ಹತ್ತಿರದ ಮೇಜಿನ ಮೇಲೆ ಕಟ್ಟು ಇದೆ. ನಿಮ್ಮ ಹೊಟೇಲಿನಲ್ಲಿ ಎಷ್ಟು ಜನರಿದ್ದಾರೋ ಅಷ್ಟು ತೆಗೆದುಕೊಂಡು ಹೋಗಿ, ಮುಂದಿನ ಸಭೆಗೆ ತುಂಬಿಸಿ ತನ್ನಿ.