ವಿಶ್ವಬಾಂಧವ್ಯದ ಎರಡು ದಾರಿಗಳು

(ಶಿಕಾರಿಪುರದಲ್ಲಿಯೂ ಸೊರಬದಲ್ಲಿಯೂ ಮಾಡಿದ ಭಾಷಣದ ಸಾರ)



ರಾಷ್ಟ್ರ ರಾಷ್ಟ್ರಗಳಲ್ಲಿ ಬಾಂಧವ್ಯವುಂಟಾಗಬೇಕೆಂಬ ವಿಷಯದಲ್ಲಿ ಉದಾರಮತವಾದಿಗಳಿಗೂ ಸಮಾಜವಾದಿಗಳಿಗೂ ಭಿನ್ನಾಭಿಪ್ರಾಯವಿಲ್ಲ. ದಾರಿ ಮಾತ್ರ ಬೇರೆ. ಸರಕಾರಗಳು ಒಂದೆಡೆ ಕಲೆತು, ಕರಾರು ಮಾಡಿಕೊಂಡು, ಕಾಯಿದೆಗೆ ತಲೆಬಾಗಿದರೆ ಯುದ್ಧವು ನಿಲ್ಲುವುದೆಂದು ಮೊದಲಿನವರ ಮತ. ದುಡಿಯುವವನಿಗೆ ದುಡಿಯುವವನೇ ಬಂಧುವೆಂದೂ, ಶೋಷಣೆಯು ಅಳಿಯದೆ ಯುದ್ಧವು ಅಳಿಯದೆಂದೂ ಎರಡನೆಯವರ ಮತ. ಇವನ್ನು ತೂಗಿನೋಡಲು ನಾವು ದೂರ ಹೋಗಬೇಕಾಗಿಲ್ಲ. ಶಿಕಾರಿಪುರ ತಾಲೂಕಿನ ಈಸೂರೇ ಸಾಕು.

1920ರಲ್ಲಿ ಆರಂಭವಾದ ರಾಷ್ಟ್ರಸಂಘದಲ್ಲಿ ಹಿಂದೂಸ್ಥಾನವು ಮೊದಲಿನಿಂದಲೂ ಸದಸ್ಯನಾಗಿದ್ದಿತು. ಆದರೆ ಅದರ ಪ್ರತಿನಿಧಿಗಳನ್ನು ಆರಿಸಿದವರು ಜನರಲ್ಲ. 1930ರಲ್ಲಿ ಬಿಕಾನೇರದ ಮಹಾರಾಜರು ಜಿನೀವಾದಲ್ಲಿ ಹಿಂದೂಸ್ಥಾನದ ಪರವಾಗಿ ಮಾತನಾಡಲೆದ್ದಾಗ ಪ್ರೇಕ್ಷಕರ ನಡುವಿನಿಂದ ಪ್ರತಿಭಟಿಸಿದ ತರುಣನು ರಾಮಮನೋಹರ ಲೋಹಿಯಾ. ವಕೀಲಿ ವೃತ್ತಿಯ ನಮಗೆ ಇದರ ಮರ್ಮವು ಬೇಗನೆ ತಿಳಿಯುತ್ತದೆ. ಕಕ್ಷಿಗಾರನ ರುಜುವಿಲ್ಲದ ವಕಾಲತ್ತನ್ನು ಯಾವ ಮುನ್ಸೀಫರೂ ಅಂಗೀಕರಿಸರು. ರಾಷ್ಟ್ರಗಳ ಸಭೆಯು ಅಂಗೀಕರಿಸಿತು!

1941ರ ಅಟ್ಲಾಂಟಿಕ್ ಸನ್ನದು ಎಲ್ಲ ಜನಾಂಗಗಳಿಗೂ ತಮ್ಮ ಸರಕಾರವನ್ನು ಆರಿಸಿಕೊಳ್ಳುವ ಹಕ್ಕುಂಟೆಂದು ಸಾರಿತು. ಅದು ಮುಖ್ಯವಾಗಿ ನಾಜಿಗಳ ಕೈಗೆ ಸಿಕ್ಕ ಯೂರೋಪಿನ ದೇಶಗಳಿಗಾಗಿ ಹೇಳಿದ ಮಾತೆಂದು ಚರ್ಚಿಲ್ಲರು ಮರುತಿಂಗಳೇ ಪಾರ್ಲಿಮೆಂಟಿನಲ್ಲಿ ತಿಳಿಸಿಬಿಟ್ಟರು. 1942ರ ಸೆಪ್ಟೆಂಬರಿನಲ್ಲಿ ಈಸೂರಿನವರು ಯಾರ ಅಪ್ಪಣೆಯನ್ನೂ ಕಾಯದೆ ಆ ಹಕ್ಕನ್ನು ಚಲಾಯಿಸಿದರು. ವೀರಭದ್ರನ ಗುಡಿಯ ಮೇಲೆ ಧ್ವಜವೇರಿತು, ಊರು ಸ್ವತಂತ್ರವೆನಿಸಿತು. ಘರ್ಷಣೆಯಲ್ಲಿ ಅಮಲ್ದಾರರೂ ಪೊಲೀಸ್ ಅಧಿಕಾರಿಯೂ ಮೃತರಾದರು. ಇದನ್ನು ಮರೆಮಾಚುವುದು ನಮಗೆ ಸಲ್ಲದು. 1943ರ ಮಾರ್ಚಿಯಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಎಂಬ ಐವರು ಗಲ್ಲಿಗೇರಿದರು.

ಸಮಾಜವಾದಿಗಳಾದರೂ ನಿಷ್ಕಳಂಕರೇ? 1914ರಲ್ಲಿ ಜರ್ಮನಿಯ ಸಮಾಜವಾದಿಗಳು ಕೈಸರನ ಯುದ್ಧದ ಸಾಲಕ್ಕೆ ಮತವಿತ್ತರು. ಈಸೂರಿನ ವರ್ಷದಲ್ಲಿಯೇ, ರಷ್ಯವು ಯುದ್ಧಕ್ಕೆ ಸಿಲುಕಿದುದರಿಂದ, ನಮ್ಮ ಕಮ್ಯೂನಿಸ್ಟರು ಅದನ್ನು ಜನತಾಯುದ್ಧವೆಂದು ಕರೆದು ‘ಚಲೇಜಾವ್’ ಚಳವಳಿಯಿಂದ ದೂರ ನಿಂತರು. ದೂರದ ಬಂಧುವಿಗಾಗಿ ಮಗ್ಗುಲಿನವನನ್ನು ಮರೆತುದು ಹೀಗೆ. ಜಯಪ್ರಕಾಶರೂ ಲೋಹಿಯಾರವರೂ ಚಳವಳಿಯಲ್ಲಿ ನಿಂತು ಆ ಕಳಂಕವನ್ನು ಕೊಂಚ ತೊಳೆದರು.

ಹಾಗೆಂದು ಸನ್ನದುಗಳೆಲ್ಲ ಬರಿಯ ಕಾಗದವೆನ್ನಲಾರೆವು. 1946ರಲ್ಲಿ ದಕ್ಷಿಣ ಆಫ್ರಿಕದ ಹಿಂದೀಯರ ದೂರನ್ನು ವಿಜಯಲಕ್ಷ್ಮಿ ಪಂಡಿತರು ವಿಶ್ವಸಂಸ್ಥೆಯ ಮುಂದಿಟ್ಟಾಗ ಅದೇ ಬಗೆಯ ಕಾಗದಕ್ಕೆ ಬಾಯಿ ಬಂದಿತು. ನಮ್ಮ ಒಲವು ಮಾತ್ರ ಲೋಹಿಯಾರವರ ಕಡೆಗಿದೆ. ವಯಸ್ಕರೆಲ್ಲರ ಮತದಿಂದ ಆರಿಸಿದ ವಿಶ್ವ ಪಾರ್ಲಿಮೆಂಟು ಬೇಕೆಂದವರು ಅವರು. 1951ರಲ್ಲಿ, ಸೊರಬದ ನೆರೆಯ ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿ ಅಳೆಯುವ ಕೊಳಗದ ವಿಷಯವಾಗಿ ಒಕ್ಕಲುಗಳು ಎದ್ದು ನಿಂತಾಗ, ಅಲ್ಲಿಗೆ ಬಂದು ಸೆರೆಯಾದವರೂ ಅವರೇ.